ವಾಫಲ್ ತಟ್ಟೆಗೆ ಬಂದ ಮೇಲೆ ಮೆತ್ತಗಾಗುತ್ತಿದ್ದರೆ

ಮೆಷಿನ್‌ನಿಂದ ತೆಗೆದಾಗ ಗರಿಗರಿ, ಐದು ನಿಮಿಷಕ್ಕೆ ಮೆತ್ತಗೆ ಅಂದಿದ್ದೀರಿ. ಬಹುತೇಕ ಇದು ಹಬೆಯದೇ ಕೆಲಸ. ಒಂದರ ಮೇಲೊಂದು ಪೇರಿಸಿದರೆ, ಡಬ್ಬಿಗೆ ಹಾಕಿದ ಬಿಸಿ ದೋಸೆಯ ಹಾಗೆ ವಾಫಲ್ ಕೂಡ ಬೆವರುತ್ತದೆ.

ಮೊದಲು ಮೆಷಿನ್ ಚೆನ್ನಾಗಿ ಕಾಯಲಿ. ದೀಪ ಬಂದ ಮೇಲೂ ಎರಡು ಮೂರು ನಿಮಿಷ ಬಿಡಿ. ಹಿಟ್ಟು ಹಾಕಿ ಮುಚ್ಚಿದ ಮೇಲೆ ದೀಪ ನಂಬಬೇಡಿ, ಪಕ್ಕದಿಂದ ಬರುವ ಹಬೆ ನೋಡಿ. ಅದು ಜೋರಾಗಿ ಬಂದು, ಸಣ್ಣಗಾಗಿ, ಹೆಚ್ಚುಕಡಿಮೆ ನಿಂತಾಗಲೇ ತೆರೆಯಿರಿ. ನಡುವೆ ಇಣುಕಿದರೆ ವಾಫಲ್ ಎರಡು ಹೋಳಾಗಿ ಮೇಲೂ ಕೆಳಗೂ ಅಂಟಿಕೊಳ್ಳಬಹುದು. ತೆಗೆದದ್ದನ್ನು ತಟ್ಟೆಗೆ ಹಾಕದೆ ತಂತಿ ಜಾಲರಿ ಮೇಲೆ ಬಿಡಿಬಿಡಿಯಾಗಿ ಇಡಿ. ಎಲ್ಲರೂ ಒಟ್ಟಿಗೆ ತಿನ್ನಬೇಕು ಅಂದ್ರೆ ಜಾಲರಿ ಸಮೇತ 100 ಡಿಗ್ರಿ ಓವನ್‌ನಲ್ಲಿ ಇಟ್ಟಿರಿ. ಮುಚ್ಚಳ ಮಾತ್ರ ಬೇಡವೇ ಬೇಡ.

ಹಿಟ್ಟಿನ ಅಳತೆ ನೀವು ಬರೆದಿಲ್ಲ, ಹಾಗಾಗಿ ಇದು ನನ್ನ ಊಹೆ: ಸಕ್ಕರೆ ಜಾಸ್ತಿ ಇರಬಹುದು. ಸಕ್ಕರೆ ಹೆಚ್ಚಾದರೆ ಹೊರಗೆ ಬೇಗ ಕೆಂಪಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಒಂದು ಕಪ್ ಮೈದಾದಲ್ಲಿ ಎರಡು ದೊಡ್ಡ ಚಮಚ ತೆಗೆದು ಅಷ್ಟೇ ಕಾರ್ನ್‌ಫ್ಲೋರ್ ಹಾಕಿ. ಬೆಣ್ಣೆಯಲ್ಲಿ ನೀರಿನಂಶ ಇರುತ್ತದೆ, ಬದಲಿಗೆ ಎಣ್ಣೆ ಹಾಕಿದರೆ ಇನ್ನೂ ಗರಿಗರಿ. ಆದರೆ ನಾಳೆ ಬೆಳಿಗ್ಗೆ ಜಾಲರಿ ಒಂದನ್ನೇ ಮಾಡಿ ನೋಡಿ, ಹಿಟ್ಟು ಆಮೇಲೆ ಬದಲಿಸಿದರಾಯಿತು.