ಸೊಂಟ ಮುರಿದ ಅಮ್ಮನಿಗೆ ಈ ವಯಸ್ಸಿನಲ್ಲಿ ಆಪರೇಷನ್ ಬೇಕೇ?

ಪ್ರಶ್ನೆ: ನನ್ನ ತಾಯಿಗೆ 79 ವರ್ಷ. ಸುಮಾರು 20 ವರ್ಷಗಳಿಂದ ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಇದೆ. 4 ವರ್ಷಗಳ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿದ್ದು, ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಸೇವಿಸುತ್ತಿದ್ದಾರೆ. ಮೊನ್ನೆ ರಾತ್ರಿ ಬಚ್ಚಲಿಗೆಂದು ಎದ್ದವರು ಜಾರಿ ಬಿದ್ದು, ತೊಡೆಯ ಮೂಳೆ ಸೊಂಟದ ಬಳಿ ಮುರಿದಿದೆ. ಕ್ಲೊಪಿಡೊಗ್ರೆಲ್ ನಿಲ್ಲಿಸಿ 5 ದಿನ ಕಾಯಬೇಕು, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ಸಕ್ಕರೆ ಹತೋಟಿಗೆ ತರಬೇಕು, ಆಮೇಲೆ ಶಸ್ತ್ರಚಿಕಿತ್ಸೆ ಎಂದು ಒಬ್ಬ ವೈದ್ಯರು ಹೇಳಿದ್ದಾರೆ. ಈ ವಯಸ್ಸಿನಲ್ಲಿ ಆಪರೇಷನ್ ಏಕೆ, ಕಟ್ಟು ಹಾಕಿಸಿ ಮಲಗಿಸಿದರೆ ಮೂಳೆ ತಾನಾಗಿ ಕೂಡಿಕೊಳ್ಳುತ್ತದೆ ಎನ್ನುತ್ತಾರೆ ನಮ್ಮ ದೊಡ್ಡಪ್ಪ. ಏನು ಮಾಡಲಿ?

ಉತ್ತರ: ನಿಮ್ಮ ದೊಡ್ಡಪ್ಪನವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಇಲ್ಲಿ ಅಪಾಯವಿರುವುದು ಹಾಸಿಗೆಯಲ್ಲಿ. ಮುರಿದ ಸೊಂಟದೊಂದಿಗೆ ವಾರಗಟ್ಟಲೆ ಮಲಗಿದ ಹಿರಿಯರಿಗೆ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು, ಬೆನ್ನಿನ ಕೆಳಗೆ ಹಾಸಿಗೆ ಹುಣ್ಣುಗಳೇಳುತ್ತವೆ, ಸ್ನಾಯುಗಳು ದಿನದಿನಕ್ಕೆ ಕರಗುತ್ತವೆ. ಮೇಲಾಗಿ, ಮುರಿತ ತೊಡೆಮೂಳೆಯ ಕುತ್ತಿಗೆಯಲ್ಲಿ, ಅಂದರೆ ಅದರ ಗುಂಡು ತಲೆಯ ಕೆಳಗಿನ ಕಿರಿದಾದ ಭಾಗದಲ್ಲಿ ಆಗಿದ್ದು ತುಂಡುಗಳು ಸರಿದಿದ್ದರೆ, ಮೂಳೆಯ ತಲೆಗೆ ಹೋಗುವ ರಕ್ತನಾಳಗಳೇ ಹರಿದಿರುವ ಸಂಭವ ಹೆಚ್ಚು. ರಕ್ತ ಸಿಗದ ಮೂಳೆ ಯಾವ ಕಟ್ಟಿನಿಂದಲೂ ಕೂಡುವುದಿಲ್ಲ. ಅಂಥವರಿಗೆ ಮೂಳೆಯ ತಲೆಯನ್ನು ತೆಗೆದು ಲೋಹದ ತಲೆಯನ್ನು ಕೂರಿಸಬೇಕಾಗುತ್ತದೆ. ಮುರಿತ ಸ್ವಲ್ಪ ಕೆಳಗಾಗಿದ್ದರೆ ಒಳಗೆ ರಾಡ್ ಅಥವಾ ಪ್ಲೇಟ್-ಸ್ಕ್ರೂ ಹಾಕಿ ಭದ್ರಪಡಿಸುತ್ತಾರೆ. ಎರಡರ ಉದ್ದೇಶವೂ ಒಂದೇ: ನೋವನ್ನು ಇಳಿಸಿ, ಮರುದಿನವೇ ಅವರನ್ನು ಎಬ್ಬಿಸಿ ನಿಲ್ಲಿಸುವುದು. ಮೊದಲೇ ಹಾಸಿಗೆ ಹಿಡಿದು ಬದುಕಿನ ಕೊನೆಯ ಹಂತದಲ್ಲಿರುವ ಅತಿ ದುರ್ಬಲರಿಗೆ ಮಾತ್ರ, ಮನೆಯವರೊಂದಿಗೆ ಕುಳಿತು ಮಾತಾಡಿ, ಶಸ್ತ್ರಚಿಕಿತ್ಸೆ ಇಲ್ಲದೆ ನೋವು ಶಮನಕ್ಕೇ ಗಮನ ಕೊಡುವ ದಾರಿಯನ್ನು ಆರಿಸುವುದುಂಟು. ಬಚ್ಚಲಿಗೆ ತಾವೇ ಎದ್ದು ನಡೆದುಹೋದ ನಿಮ್ಮ ತಾಯಿ ಆ ಸ್ಥಿತಿಯಲ್ಲಿಲ್ಲ.

ಈಗ ಕಾಯುವ ವಿಚಾರ. ಆಸ್ಪತ್ರೆಗೆ ಸೇರಿದ ದಿನ ಅಥವಾ ಅದರ ಮರುದಿನವೇ ಶಸ್ತ್ರಚಿಕಿತ್ಸೆ ಆಗಬೇಕೆಂಬುದು ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿ; ಹೆಚ್ಚೆಂದರೆ 48 ಗಂಟೆ ಮೀರಬಾರದು ಎಂಬುದರಲ್ಲಿ ತಜ್ಞರಿಗೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಭಾರತವೂ ಸೇರಿ 17 ದೇಶಗಳ 2,970 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ‘ಹಿಪ್ ಅಟ್ಯಾಕ್’ ಅಧ್ಯಯನದಲ್ಲಿ, ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆದವರನ್ನು ಸುಮಾರು 24 ಗಂಟೆಗೆ ಆದವರೊಂದಿಗೆ ಹೋಲಿಸಲಾಯಿತು. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಬೇಗ ಆದವರಲ್ಲಿ ಬುದ್ಧಿ ಮಸುಕಾಗುವುದು ಮತ್ತು ಮೂತ್ರದ ಸೋಂಕು ಕಡಿಮೆಯಾಗಿದ್ದವು, ಅವರು ಬೇಗ ಎದ್ದು ಓಡಾಡಿದರು. ಹಾಗಾಗಿ ನಡುರಾತ್ರಿಯಲ್ಲಿ ಗಾಬರಿಯಿಂದ ಥಿಯೇಟರಿಗೆ ಕರೆದೊಯ್ಯಬೇಕಾಗಿಲ್ಲ, ಆದರೆ 5 ದಿನ ಕಾಯುವುದಕ್ಕೆ ಬಲವಾದ ಕಾರಣವೇ ಬೇಕು.

ಕ್ಲೊಪಿಡೊಗ್ರೆಲ್ ಅಂಥ ಕಾರಣವಲ್ಲ. ಅದರ ಪರಿಣಾಮ ಪೂರ್ತಿ ಇಳಿಯಲು 5ರಿಂದ 7 ದಿನ ಬೇಕೆಂಬುದು ನಿಜ, ರಕ್ತಸ್ರಾವ ತುಸು ಹೆಚ್ಚಾಗಬಹುದೆಂಬುದೂ ನಿಜ. ಆದರೂ ಈ ಮುರಿತದಲ್ಲಿ ಆ ಮಾತ್ರೆಗಾಗಿ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಾರದೆಂದೇ ಇಂದಿನ ಸಲಹೆ. ಕ್ಲೊಪಿಡೊಗ್ರೆಲ್ ಸೇವಿಸುವವರ ಬೆನ್ನಿಗೆ ಅರಿವಳಿಕೆ ಸೂಜಿ ಚುಚ್ಚಲು ಅರಿವಳಿಕೆ ತಜ್ಞರು ಹಿಂಜರಿದರೆ, ಪೂರ್ಣ ಅರಿವಳಿಕೆ ಕೊಡಬಹುದು. ಇವೆರಡರಲ್ಲಿ ಯಾವುದಾದರೂ 60 ದಿನಗಳ ನಂತರದ ನಡಿಗೆಯಲ್ಲಾಗಲಿ ಸಾವಿನಲ್ಲಾಗಲಿ ವ್ಯತ್ಯಾಸವಿಲ್ಲವೆಂದು 2021ರಲ್ಲಿ 1,600 ರೋಗಿಗಳ ಅಧ್ಯಯನವೊಂದು ತೋರಿಸಿದೆ. ಆಸ್ಪಿರಿನ್ ಮುಂದುವರಿಯಲಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರ ಕತೆಯೇ ಬೇರೆ: ಅವರಿಗೆ ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟು ಅದರ ಪರಿಣಾಮವನ್ನು ಬೇಗ ಇಳಿಸುತ್ತಾರೆ. ಅದೇ ಕೆಲಸದ ಎಪಿಕ್ಸಬಾನ್, ರಿವರೋಕ್ಸಬಾನ್ ಮಾತ್ರೆಗಳಿಗೆ ಮೂತ್ರಪಿಂಡದ ಸ್ಥಿತಿ ನೋಡಿಕೊಂಡು ಸಾಮಾನ್ಯವಾಗಿ 1ರಿಂದ 2 ದಿನ ಕಾಯುವುದುಂಟು.

ಎಕೋ ಕುರಿತು ನನ್ನ ಮಾತು ಸ್ವಲ್ಪ ಖಾರವೆನಿಸಬಹುದು. ಹೃದಯದ ಶಬ್ದದಲ್ಲಿ ಕವಾಟ ಕಿರಿದಾದ ಸೂಚನೆಯಿದ್ದರೆ, ಮಲಗಿದರೆ ಉಸಿರುಕಟ್ಟುತ್ತಿದ್ದರೆ ಎಕೋ ಬೇಕು, ಅದೂ ಅದೇ ದಿನ. ವಯಸ್ಸಾಗಿದೆ ಎಂಬ ಒಂದೇ ಕಾರಣಕ್ಕೆ ಎಕೋ ಬರೆದು, ಮಾಡುವವರಿಗಾಗಿ 2 ದಿನ ಕಾದು, ಆ ವರದಿಯಿಂದ ಚಿಕಿತ್ಸೆಯಲ್ಲಿ ಏನೂ ಬದಲಾಗದ ಸಂದರ್ಭಗಳನ್ನು ನಾನು ಮತ್ತೆ ಮತ್ತೆ ನೋಡಿ ಸಂಕಟಪಟ್ಟಿದ್ದೇನೆ. ಕಾಯಲೇಬೇಕಾದ ಸ್ಥಿತಿಗಳು ಇಲ್ಲವೆಂದಲ್ಲ. ಹೃದಯ ವೈಫಲ್ಯದಿಂದ ಶ್ವಾಸಕೋಶದಲ್ಲಿ ನೀರು ತುಂಬಿದ್ದರೆ, ನಾಡಿ ತೀರಾ ವೇಗವಾಗಿ ತಪ್ಪಿ ಓಡುತ್ತಿದ್ದರೆ, ಸೋಡಿಯಂ ಅಥವಾ ಪೊಟ್ಯಾಸಿಯಂ ಬಹಳ ಏರುಪೇರಾಗಿದ್ದರೆ, ರಕ್ತ ತೀರಾ ಕಡಿಮೆಯಿದ್ದರೆ ಅದನ್ನು ಮೊದಲು ಸರಿಪಡಿಸಬೇಕು. ಆದರೆ ಗಂಟೆಗಳ ಲೆಕ್ಕದಲ್ಲಿ, ದಿನಗಳ ಲೆಕ್ಕದಲ್ಲಲ್ಲ. ಸಕ್ಕರೆ 250 ಇದ್ದರೆ ಇನ್ಸುಲಿನ್ ಕೊಟ್ಟು ಅಂದೇ ಇಳಿಸಬಹುದು. ಮೂರು ತಿಂಗಳ ಸರಾಸರಿ ಸಕ್ಕರೆ ಹೆಚ್ಚಿದೆಯೆಂದು ಶಸ್ತ್ರಚಿಕಿತ್ಸೆಯನ್ನು ತಡೆಯುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಅದನ್ನು ಇಳಿಸಲು ತಿಂಗಳುಗಳೇ ಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಅವರು ಸೇವಿಸುತ್ತಿದ್ದರೆ ಈಗಲೇ ವೈದ್ಯರಿಗೆ ತಿಳಿಸಿ. ಉಪವಾಸವಿರುವಾಗ ಅವು ಸಕ್ಕರೆ ಹೆಚ್ಚದೆಯೇ ರಕ್ತದಲ್ಲಿ ಆಮ್ಲ ತುಂಬಿಸಬಲ್ಲವು.

ಥಿಯೇಟರಿಗೆ ಹೋಗುವ ತನಕ ಅವರು ನರಳಬೇಕಾಗಿಲ್ಲ. ತೊಡೆಸಂದಿಯ ಬಳಿ ನರಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರೆ ಅರ್ಧ ಗಂಟೆಯಲ್ಲಿ ನೋವು ಬಹುಮಟ್ಟಿಗೆ ಇಳಿಯುತ್ತದೆ. ಇದನ್ನು ಕೇಳಿ ಪಡೆಯಿರಿ. ಜೊತೆಗೆ ತೂಕಕ್ಕೆ ತಕ್ಕ ಪ್ರಮಾಣದ ಪ್ಯಾರಸಿಟಮಾಲ್ ಬಹಳಷ್ಟು ಸಲ ಸಾಕಾಗುತ್ತದೆ. ಡೈಕ್ಲೊಫೆನಾಕ್‌ನಂಥ ನೋವಿನ ಚುಚ್ಚುಮದ್ದುಗಳು ಈ ವಯಸ್ಸಿನ ಸಕ್ಕರೆ ರೋಗಿಯ ಮೂತ್ರಪಿಂಡಕ್ಕೆ ಹಾನಿಕರ. ಕಾಲಿಗೆ ಭಾರ ಕಟ್ಟಿ ಎಳೆಯುವ ಟ್ರ್ಯಾಕ್ಷನ್ನಿನಿಂದ ನೋವು ಇಳಿಯುತ್ತದೆಂಬುದಕ್ಕೆ ಪುರಾವೆಯಿಲ್ಲ. ರಾತ್ರಿಯಿಂದ ಹನಿ ನೀರೂ ಕೊಡದೆ ಮಧ್ಯಾಹ್ನದ ಸರದಿಗೆ ಕಾಯಿಸುವುದೂ ಬೇಡ. ಗಟ್ಟಿ ಆಹಾರಕ್ಕೆ 6 ಗಂಟೆಯ ಬಿಡುವು ಸಾಕು, ನೀರನ್ನು ಸಾಮಾನ್ಯವಾಗಿ 2 ಗಂಟೆ ಮೊದಲಿನವರೆಗೂ ಕೊಡಬಹುದು.

ಪ್ರಶ್ನೆ: ನನ್ನ ಮಾವನವರಿಗೆ 82 ವರ್ಷ. ಇದೇ ಶಸ್ತ್ರಚಿಕಿತ್ಸೆಯಾದ ಎರಡನೇ ರಾತ್ರಿಯಿಂದ ತೀರಿಹೋದ ಅಣ್ಣನೊಂದಿಗೆ ಮಾತಾಡುತ್ತಾರೆ, ಡ್ರಿಪ್ ಕಿತ್ತೆಸೆಯುತ್ತಾರೆ. ನರ್ಸುಗಳು ಕೈ ಕಟ್ಟಿಹಾಕಿದ್ದಾರೆ. ಇದು ಹೀಗೆಯೇ ಉಳಿಯುತ್ತದೆಯೇ?

ಉತ್ತರ: ಹಳಬರು ಸನ್ನಿ ಎನ್ನುತ್ತಿದ್ದುದು ಇದನ್ನೇ. ಈ ಶಸ್ತ್ರಚಿಕಿತ್ಸೆಯ ನಂತರ ಹಿರಿಯರಲ್ಲಿ ಇದು ಬಹಳ ಸಾಮಾನ್ಯ, ಹುಚ್ಚಲ್ಲ. ಹೆಚ್ಚಿನವರು ದಿನಗಳಲ್ಲಿ, ಕೆಲವರು ವಾರಗಳಲ್ಲಿ ಮೊದಲಿನಂತಾಗುತ್ತಾರೆ. ಮೊದಲೇ ಮರೆವಿದ್ದವರಿಗೆ ಹೆಚ್ಚು ಸಮಯ ಹಿಡಿಯುತ್ತದೆ, ಕೆಲವರಲ್ಲಿ ಪೂರ್ತಿ ಸರಿಯಾಗದೆಯೂ ಉಳಿಯಬಹುದು. ನೀವು ವೈದ್ಯರನ್ನು ಕೇಳಬೇಕಾದದ್ದು ಕಾರಣವೇನು ಎಂದು. ಮೂತ್ರ ಕಟ್ಟಿದೆಯೇ, ನಾಲ್ಕು ದಿನದಿಂದ ಮಲ ಹೋಗಿಲ್ಲವೇ, ನೋವಿದೆಯೇ, ಸೋಡಿಯಂ ಇಳಿದಿದೆಯೇ, ಆಮ್ಲಜನಕ ಕಡಿಮೆಯಾಗಿದೆಯೇ, ಸೋಂಕು ಶುರುವಾಗಿದೆಯೇ, ನೋವಿನ ಔಷಧಿ ಟ್ರಮಡಾಲ್ ಅಥವಾ ನಿದ್ರೆಮಾತ್ರೆ ಕೊಟ್ಟಿದ್ದಾರೆಯೇ ಎಂದು ಒಂದೊಂದಾಗಿ ನೋಡಿದರೆ ಬಹಳಷ್ಟು ಸಲ ಕಾರಣ ಸಿಗುತ್ತದೆ. ಅವರಿಗೆ ನಿತ್ಯ ಮದ್ಯ ಸೇವಿಸುವ ಅಭ್ಯಾಸವಿದ್ದರೆ ಸಂಕೋಚಪಡದೆ ಹೇಳಿ; ದಿಢೀರನೆ ನಿಂತ ಮದ್ಯದಿಂದ ಬರುವ ಸನ್ನಿಗೆ ಚಿಕಿತ್ಸೆಯೇ ಬೇರೆ.

ಕೈ ಕಟ್ಟಿದರೆ ಭಯ ಹೆಚ್ಚಿ ಸನ್ನಿಯೂ ಹೆಚ್ಚುತ್ತದೆ. ಕಟ್ಟು ಬಿಚ್ಚಿಸಿ, ಅವರಿಗೆ ಪರಿಚಿತರಾದ ಒಬ್ಬರು ರಾತ್ರಿಯಿಡೀ ಪಕ್ಕದಲ್ಲಿರಲು ಅನುಮತಿ ಕೇಳಿ. ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟು ಮನೆಯಲ್ಲೇ ಉಳಿದಿದ್ದರೆ ಇಂದೇ ತನ್ನಿ. ಹಗಲು ಕಿಟಕಿ ತೆರೆದಿರಲಿ, ರಾತ್ರಿ ದೀಪ ಮಂದವಾಗಿರಲಿ. ಯಾವ ಊರು, ಯಾವ ದಿನ, ಏಕೆ ಇಲ್ಲಿದ್ದೀರಿ ಎಂಬುದನ್ನು ಮೆಲ್ಲಗೆ ಹೇಳುತ್ತಿರಿ, ವಾದಕ್ಕಿಳಿಯಬೇಡಿ. ಮೂತ್ರದ ನಳಿಕೆಯನ್ನು ಒಂದೆರಡು ದಿನದಲ್ಲೇ ತೆಗೆಸುವುದು ಒಳ್ಳೆಯದು. ಇನ್ನೊಂದು ಬಗೆಯ ಸನ್ನಿಯಿದೆ, ಅದು ಕಣ್ಣಿಗೆ ಬೀಳುವುದಿಲ್ಲ: ರೋಗಿ ಗಲಾಟೆ ಮಾಡದೆ, ಊಟ ಬೇಡವೆಂದು ಸದಾ ಮಂಪರಿನಲ್ಲಿರುತ್ತಾರೆ. ಸುಸ್ತಾಗಿದೆ, ಮಲಗಲಿ ಎಂದು ಮನೆಯವರು ಬಿಟ್ಟುಬಿಡುವುದು ಇಂಥವರನ್ನೇ.

ಪ್ರಶ್ನೆ: ನನ್ನ ಅತ್ತೆ ಮುರಿದ ಸೊಂಟದ ಶಸ್ತ್ರಚಿಕಿತ್ಸೆ ಮುಗಿಸಿ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಎಷ್ಟು ದಿನ ಪೂರ್ತಿ ವಿಶ್ರಾಂತಿ ಬೇಕು? ಪಥ್ಯ ಹೇಗಿರಬೇಕು?

ಉತ್ತರ: ಪೂರ್ತಿ ವಿಶ್ರಾಂತಿ ಬೇಡವೇ ಬೇಡ. ಶಸ್ತ್ರಚಿಕಿತ್ಸಕರು ಬೇರೆ ಹೇಳದಿದ್ದರೆ ವಾಕರ್ ಹಿಡಿದು ಕಾಲಿನ ಮೇಲೆ ಭಾರ ಹಾಕಿ ನಡೆಯಬೇಕು. ದಿನಕ್ಕೆ ಒಮ್ಮೆ ಬರುವ ಫಿಸಿಯೋಥೆರಪಿಸ್ಟರ ಅರ್ಧ ಗಂಟೆಗಿಂತ, ನೀವು ಪ್ರತಿ ಎರಡು ಗಂಟೆಗೊಮ್ಮೆ ಎಬ್ಬಿಸಿ ನಾಲ್ಕು ಹೆಜ್ಜೆ ಹಾಕಿಸುವುದು ಹೆಚ್ಚು ಫಲ ಕೊಡುತ್ತದೆ. ಲೋಹದ ತಲೆ ಕೂರಿಸಿದ್ದರೆ ಮೊದಲ ಕೆಲವು ತಿಂಗಳು ನೆಲದ ಮೇಲೆ, ಮಣೆಯ ಮೇಲೆ, ಚಕ್ಕಳಮಕ್ಕಳ ಹಾಕಿ ಕೂರುವುದು ಬೇಡ. ಎತ್ತರದ ಕಮೋಡ್ ಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಚುಚ್ಚುಮದ್ದು ಅಥವಾ ಮಾತ್ರೆ ಸಾಮಾನ್ಯವಾಗಿ 4ರಿಂದ 5 ವಾರ ಇರುತ್ತದೆ, ನಡುವೆ ಬಿಡಬೇಡಿ. ಒಂದು ಕಾಲು ಹೊಸದಾಗಿ ಊದಿ ನೋವಾದರೆ, ಉಸಿರು ತಟ್ಟನೆ ಏದುಸಿರಾದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಪಥ್ಯದ ಹೆಸರಿನಲ್ಲಿ ಬರೀ ಗಂಜಿ, ತಿಳಿಸಾರು ಅನ್ನ ಕೊಡುವುದು ಅವರ ಸ್ನಾಯುಗಳಿಗೆ ಮಾಡುವ ದ್ರೋಹ. ಮೂತ್ರಪಿಂಡ ಸರಿಯಿದ್ದರೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1.2 ಗ್ರಾಂನಷ್ಟಾದರೂ ಪ್ರೋಟೀನ್ ಸೇರಬೇಕು: ಮೊಟ್ಟೆ, ಹಾಲು, ಮೊಸರು, ಹೆಸರುಕಾಳು, ಕಡಲೆ, ತಿನ್ನುವವರಾದರೆ ಮೀನು. ನಂಜು ಎಂದು ಬದಿಗಿಡುವ ಪದಾರ್ಥಗಳಲ್ಲೇ ಅವರಿಗೆ ಬೇಕಾದದ್ದಿದೆ.

ಬಿಡುಗಡೆಯ ಚೀಟಿಯಲ್ಲಿ ಬಹಳಷ್ಟು ಸಲ ಇರದ ಒಂದು ವಿಷಯವನ್ನು ನೀವೇ ಕೇಳಬೇಕು. ನಿಂತ ಎತ್ತರದಿಂದ ಬಿದ್ದದ್ದಕ್ಕೆ ಸೊಂಟ ಮುರಿಯಿತೆಂದರೆ ಮೂಳೆ ಟೊಳ್ಳಾಗಿದೆ ಎಂದೇ ಅರ್ಥ. ಇನ್ನೊಂದು ಸೊಂಟವೂ ಅದೇ ಅಪಾಯದಲ್ಲಿದೆ. ಶಸ್ತ್ರಚಿಕಿತ್ಸೆಯಾದ 90 ದಿನಗಳೊಳಗೆ, ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ 5 ಮಿಲಿಗ್ರಾಂ ಜೊಲೆಡ್ರೋನಿಕ್ ಆಮ್ಲ ಎಂಬ ಮೂಳೆ ಗಟ್ಟಿಗೊಳಿಸುವ ಔಷಧವನ್ನು ಆರಂಭಿಸಿದವರಲ್ಲಿ ಹೊಸ ಮುರಿತಗಳು 35 ಪ್ರತಿಶತ, ಸಾವುಗಳು 28 ಪ್ರತಿಶತ ಕಡಿಮೆಯಾದವೆಂದು 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿದೆ. ಮೊದಲು ವಿಟಮಿನ್ ಡಿ, ಕ್ಯಾಲ್ಸಿಯಂ, ಮೂತ್ರಪಿಂಡದ ಪರೀಕ್ಷೆ ಆಗಬೇಕು, ಎರಡು ವಾರ ಕಳೆದ ಮೇಲೆ ಕೊಡುವುದು ವಾಡಿಕೆ. ಮೊದಲ ಬಾರಿ ಕೊಟ್ಟಾಗ ಒಂದೆರಡು ದಿನ ಜ್ವರ, ಮೈಕೈ ನೋವು ಬರುತ್ತದೆ, ಹೆದರಬೇಡಿ. ಮೂತ್ರಪಿಂಡ ದುರ್ಬಲವಾಗಿದ್ದರೆ ಬೇರೆ ಔಷಧಗಳಿವೆ.

ಅವರು ಬಿದ್ದದ್ದೇಕೆ ಎಂಬುದನ್ನೂ ಹುಡುಕಬೇಕು. ಎದ್ದು ನಿಂತಾಗ ಬಿ.ಪಿ. ಇಳಿಯುತ್ತದೆಯೇ, ಕಣ್ಣಿನಲ್ಲಿ ಪೊರೆಯಿದೆಯೇ, ರಾತ್ರಿ ನಿದ್ರೆಗೆಂದು ಆಲ್‌ಪ್ರಜೋಲಾಮ್ ಮಾತ್ರೆ ಸೇವಿಸುತ್ತಾರೆಯೇ, ಬಿ.ಪಿ.ಗೆ ಕೊಟ್ಟ ಮೂತ್ರವರ್ಧಕದಿಂದ ಸೋಡಿಯಂ ಇಳಿದಿದೆಯೇ ಎಂದು ನೋಡಬೇಕು. ಮುಂದಿನ ಭೇಟಿಗೆ ಚೀಟಿಗಳನ್ನಷ್ಟೇ ತರಬೇಡಿ, ಮನೆಯಲ್ಲಿ ಅವರು ನಿಜವಾಗಿ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ, ಅಂಗಡಿಯಿಂದ ಕೇಳಿ ತಂದವುಗಳನ್ನೂ ಸೇರಿಸಿ, ಒಂದೇ ಚೀಲದಲ್ಲಿ ಹಾಕಿಕೊಂಡು ಬನ್ನಿ.