ಅರೇಬಿಕಾದ ಮೇಲೆ ಮುನಿಸು ಬೇಡ

ಸೋಮವಾರಪೇಟೆಯ ಬಳಿಯ ತಮ್ಮ ತೋಟದಲ್ಲಿ ಕಳೆದ ವರ್ಷ ರೆಂಬೆ ಬಾಗುವಷ್ಟು ಹಣ್ಣು ಕೊಟ್ಟ ಅರೇಬಿಕಾ ಕಾಫಿ ಗಿಡಗಳು ಈ ವರ್ಷ ಕೈಕೊಟ್ಟಿವೆಯೆಂದೂ, ಇವನ್ನು ಕಿತ್ತು ಇನ್ನೊಂದು ಬಗೆಯ ಕಾಫಿಯಾದ ರೊಬಸ್ಟಾ ಹಾಕಬೇಕೇ ಎಂದೂ ತಾವು ಕೇಳಿದ್ದೀರಿ. ಇದೊಂದೇ ಕಾರಣವಾದರೆ ದಯವಿಟ್ಟು ಕೀಳಬೇಡಿ.

ಒಂದು ಅಡ್ಡರೆಂಬೆಯನ್ನು ಕೈಯಲ್ಲಿ ಹಿಡಿದು ನೋಡಿ. ಬುಡದ ಕಡೆ ಬೂದು ಬಣ್ಣಕ್ಕೆ ತಿರುಗಿದ, ಕಳೆದ ಸಲ ಹಣ್ಣು ಕೊಯ್ದ ಗಿಣ್ಣುಗಳು ಬರಿದಾಗಿರುತ್ತವೆ. ಅವುಗಳ ಮುಂದೆ ಬೆಳೆದ ಹೊಸ ಭಾಗ ಬಹಳ ಚಿಕ್ಕದಿರುತ್ತದೆ. ಅರೇಬಿಕಾ ಹೂ ಬಿಡುವುದು ಮುಖ್ಯವಾಗಿ ಹಿಂದಿನ ವರ್ಷ ಬೆಳೆದ ರೆಂಬೆಯಲ್ಲಿ. ಫಸಲು ತುಂಬಿದ ವರ್ಷ ಗಿಡದ ಸತ್ವವೆಲ್ಲ ಕಾಯಿಗೇ ಹೋಗುವುದರಿಂದ ಹೊಸ ರೆಂಬೆ ಹೆಚ್ಚು ಬೆಳೆಯುವುದಿಲ್ಲ, ಹಾಗಾಗಿ ಮರುವರ್ಷ ಹೂವಿಗೆ ಜಾಗ ಸಾಲುವುದಿಲ್ಲ. ಇದು ಅದರ ಹುಟ್ಟುಗುಣವೇ ಹೊರತು ತಮಗೆ ಬಗೆದ ದ್ರೋಹವಲ್ಲ. ಈ ಗುಣದೊಡನೆ ಜಗಳವಾಡಿ ಪ್ರತಿವರ್ಷವೂ ತುಂಬು ಫಸಲನ್ನೇ ಹಿಂಡಲು ಹೊರಟರೆ ಎಲೆ ಉದುರಿ, ರೆಂಬೆ ತುದಿಯಿಂದ ಒಣಗುತ್ತದೆ.

ರೊಬಸ್ಟಾಕ್ಕೂ ತನ್ನದೇ ಹಟವಿದೆ: ಹೂಮಳೆ, ಅಂದರೆ ಮೊಗ್ಗು ಅರಳಿಸುವ ಬೇಸಿಗೆಯ ಮಳೆ, ತಡವಾದರೆ ಅದು ಅರೇಬಿಕಾದಷ್ಟು ತಾಳಿಕೊಳ್ಳುವುದಿಲ್ಲ, ಕೊಳವೆಬಾವಿಯ ಅಥವಾ ಕೆರೆಯ ನೀರನ್ನು ತುಂತುರು ಹಾಯಿಸಬೇಕಾಗುತ್ತದೆ.

ಆದುದರಿಂದ ಲೆಕ್ಕವನ್ನು ಎರಡು ವರ್ಷದ ಸರಾಸರಿಯಲ್ಲಿ ಇಡಿ. ಸಾಲದ ಕಂತನ್ನೂ ಅದಕ್ಕೆ ಹೊಂದಿಸಿಕೊಳ್ಳಿ. ಒಪ್ಪಿಕೊಳ್ಳುವುದೆಂದರೆ ಕೈಕಟ್ಟಿ ಕೂರುವುದು ಎಂದು ನಾನು ಖಂಡಿತ ಹೇಳುತ್ತಿಲ್ಲ. ಈ ಬಿಡುವಿನ ವರ್ಷದಲ್ಲೇ ಕಾಂಡದಿಂದ ನೆಟ್ಟಗೆ ಏಳುವ ಕಂಬಚಿಗುರು ತೆಗೆಯಿರಿ, ಒಣರೆಂಬೆ ಕತ್ತರಿಸಿ, ಮರಗಸಿ ಮಾಡಿಸುವಾಗ, ಅಂದರೆ ನೆರಳುಮರಗಳ ಕೊಂಬೆ ಕಡಿಸುವಾಗ, ನೆರಳನ್ನು ಪೂರ್ತಿ ಬಯಲು ಮಾಡಬೇಡಿ. ಬಿಸಿಲು ಹೆಚ್ಚಾದರೆ ಕಾಫಿ ಕಾಂಡವನ್ನು ಕೊರೆಯುವ ಬಿಳಿ ಕಾಂಡಕೊರಕ ಹುಳುವಿನ ಹಾವಳಿಯೂ ಹೆಚ್ಚುತ್ತದೆ.