ಕಲಾ ಪ್ರಶ್ನೋತ್ತರ: ಸಂಕೋಲೆ ಕಾಣದ ಸೆರೆ

ಪ್ರಶ್ನೆ: ರಷ್ಯಾದ ಚಿತ್ರಕಾರ ಇಲ್ಯಾ ರೆಪಿನ್‌ನ ‘ನಿರೀಕ್ಷಿಸಿರಲಿಲ್ಲ’ ರಾಜಕೀಯ ಸೆರೆಯ ಚಿತ್ರವಂತೆ. ಅದರಲ್ಲಿರುವುದು ಒಂದು ಮನೆ, ಒಳಗೆ ಬರುತ್ತಿರುವ ಒಬ್ಬ ಗಂಡಸು. ಸೆರೆ ಎಲ್ಲಿದೆ? ಇನ್ನೊಂದು ಪ್ರತಿಯಲ್ಲಿ ಗಂಡಸಿನ ಬದಲು ಯುವತಿ ಇದ್ದಾಳಲ್ಲ?
– ಓದುಗರು, ಧಾರವಾಡ

ಉತ್ತರ: ಯುವತಿ ಇರುವುದು 1883ರ ಪುಟ್ಟ ಚಿತ್ರ. ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿಯಲ್ಲಿರುವ ದೊಡ್ಡದನ್ನು ರೆಪಿನ್ 1884ರಲ್ಲಿ ಪ್ರದರ್ಶಿಸಿದ. ಆಮೇಲೂ ಬಂದವನ ಮುಖ ಅವನಿಗೆ ಒಪ್ಪಿಗೆಯಾಗಲಿಲ್ಲ. 1888ರವರೆಗೆ ತಿದ್ದುತ್ತಲೇ ಇದ್ದ. ಹೀಗಾಗಿ ಆ ಮುಖಭಾವದ ಬಗ್ಗೆ ಹಳೆಯ ವಿಮರ್ಶೆ ಓದುವಾಗ ಇಸವಿ ನೋಡಿಕೊಳ್ಳಿ. ಅವರು ಕಂಡ ಮುಖವೇ ಬೇರೆ ಇರಬಹುದು.

ಬಂದವನು ಗಡಿಪಾರು ಮುಗಿಸಿ ಮನೆಗೆ ಮರಳಿದ ಕ್ರಾಂತಿಕಾರಿ. ಆ ಸೆರೆಯ ಸುಳಿವು ಗೋಡೆಯ ಮೇಲಿದೆ. ಅಲ್ಲಿ ಕವಿಗಳಾದ ನೆಕ್ರಾಸೋವ್ ಮತ್ತು ಶೆವ್ಚೆಂಕೊ ಭಾವಚಿತ್ರಗಳಿವೆ. ಶೆವ್ಚೆಂಕೊನನ್ನು 1847ರಲ್ಲಿ ಸಾಮಾನ್ಯ ಸಿಪಾಯಿಯನ್ನಾಗಿ ಗಡಿಪಾರು ಮಾಡಿದಾಗ, ಬರೆಯಲೂಬಾರದು, ಚಿತ್ರ ಬಿಡಿಸಲೂಬಾರದು ಎಂದು ಸ್ವತಃ ತ್ಸಾರ್, ಅಂದರೆ ರಷ್ಯಾದ ಚಕ್ರವರ್ತಿ, ಅಪ್ಪಣೆ ಮಾಡಿದ್ದ. ಜೊತೆಗೆ ಶಿಲುಬೆಯ ಬೆಟ್ಟದ ಒಂದು ಚಿತ್ರ, 1881ರಲ್ಲಿ ಬಾಂಬಿಗೆ ಬಲಿಯಾದ ತ್ಸಾರ್ ಎರಡನೇ ಅಲೆಕ್ಸಾಂಡರ್‌ನ ಶವದ ಚಿತ್ರ. ಆ ಕೊಲೆಯ ನಂತರ ಕ್ರಾಂತಿಕಾರಿಗಳ ಮೇಲೆ ಹಿಡಿತ ಇನ್ನೂ ಬಿಗಿಯಾಯಿತು.

ಆದರೆ ನನಗೆ ಹೆಚ್ಚು ಮುಖ್ಯವೆನಿಸುವುದು ಬಲಗಡೆಯ ಮೇಜು. ಹುಡುಗ ಗುರುತು ಹಿಡಿದು ಅರಳಿದ್ದಾನೆ. ಚಿಕ್ಕ ಹುಡುಗಿ ಅಪರಿಚಿತನನ್ನು ಕಂಡಂತೆ ಬೆದರಿದ್ದಾಳೆ. ಶಿಕ್ಷೆ ಎಷ್ಟು ವರ್ಷದ್ದು ಎಂಬುದನ್ನು ರೆಪಿನ್ ಈ ಎರಡು ವಯಸ್ಸುಗಳ ನಡುವೆ ಇಟ್ಟಿದ್ದಾನೆ. (ರಷ್ಯನ್ ಶೀರ್ಷಿಕೆಯಲ್ಲೂ ಯಾರು, ಯಾರನ್ನು ಎಂಬುದಿಲ್ಲ. ಇಂಗ್ಲಿಷಿನವರು ಸರ್ವನಾಮ ಸೇರಿಸಬೇಕಾಯಿತು. ಕನ್ನಡಕ್ಕೆ ಆ ತಾಪತ್ರಯವಿಲ್ಲ.)

ಪ್ರಶ್ನೆ: ಪ್ರೌಢಶಾಲೆಯ ಮಕ್ಕಳಿಗೆ ಇದನ್ನು ತೋರಿಸುವುದು ಹೇಗೆ?
– ಚಿತ್ರಕಲಾ ಶಿಕ್ಷಕಿ, ಶಿರಸಿ

ಉತ್ತರ: ಮೂಲಚಿತ್ರ 160.5 ಸೆಂ.ಮೀ. ಎತ್ತರ, 167.5 ಅಗಲ, ಹೆಚ್ಚುಕಡಿಮೆ ಚೌಕ. ಹಾಳೆ ತುಂಬಿಸಲೆಂದು ಅಂಚು ಕತ್ತರಿಸಬೇಡಿ. ಬಲಕ್ಕೆ ಕತ್ತರಿಸಿದರೆ ಮಕ್ಕಳೇ ಹೋಗುತ್ತಾರೆ, ಎಡಕ್ಕೆ ಕತ್ತರಿಸಿದರೆ ಬಾಗಿಲು ಹಿಡಿದು ನಿಂತ ಕೆಲಸದಾಕೆ. ಎ3 ಹಾಳೆಯಲ್ಲಿ 29 ಸೆಂ.ಮೀ. ಅಗಲ, 27.8 ಎತ್ತರಕ್ಕೆ ಮುದ್ರಿಸಿ, ಉಳಿದದ್ದನ್ನು ಖಾಲಿ ಬಿಡಿ. ಛಾಯೆ ಕಪ್ಪಾಗಿ ಬಂದರೆ ಗೋಡೆಯ ಚಿತ್ರಗಳು ಮುಚ್ಚಿಹೋಗುತ್ತವೆ; ಸ್ವಲ್ಪ ತಿಳಿಮಾಡಿಸಿ.

ಮೊದಲೇ ಕತೆ ಹೇಳಿದರೆ ಕೆಟ್ಟಿತು, ಎಲ್ಲರೂ ಬಂದವನನ್ನಷ್ಟೇ ನೋಡುತ್ತಾರೆ. ರಷ್ಯಾದ ಮನೋವಿಜ್ಞಾನಿ ಆಲ್ಫ್ರೆಡ್ ಯಾರ್ಬುಸ್ ಇದೇ ಚಿತ್ರದ ಮೇಲೆ ಕಣ್ಣಿನ ಚಲನೆ ದಾಖಲಿಸಿದ್ದ. ಒಬ್ಬನೇ ವ್ಯಕ್ತಿ, ಮೂರು ಮೂರು ನಿಮಿಷದಂತೆ ಏಳು ಸಲ. ವಯಸ್ಸು ಕೇಳಿದಾಗ ನೋಟ ಮುಖಗಳ ಮೇಲೆ ನಿಂತಿತು. ‘ಇವನು ಎಷ್ಟು ಕಾಲ ದೂರವಿದ್ದ?’ ಎಂದಾಗ ಮಕ್ಕಳ ಮುಖಕ್ಕೂ ಅವನ ಮುಖಕ್ಕೂ ನಡುವೆ ಓಡಾಡಿತು. ನೀವೂ ಹಾಗೇ ಮಾಡಿ: ಮೊದಲು ವಯಸ್ಸು ಕೇಳಿ, ಆಮೇಲೆ ಅವನು ದೂರವಿದ್ದ ಕಾಲ ಕೇಳಿ, ಉತ್ತರಗಳನ್ನು ಹಲಗೆಯ ಮೇಲೆ ಬರೆಯಿರಿ. ಗೋಡೆಯ ಚಿತ್ರಗಳ ಮಾತು ಕೊನೆಗಿರಲಿ.